ಕಣಜವೂ ಕೈಖರ್ಚೂ: ಮಂಡ್ಯದ ಮಣ್ಣಿಗೆ ಎರಡು ಗೊಬ್ಬರ

ಮದ್ದೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಹೋಗುವಾಗ ಇಕ್ಕೆಲಗಳಲ್ಲಿಯೂ ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಕಣ್ಣಿಗೆ ಬೀಳುತ್ತವೆ. ನೂರು ವರ್ಷಗಳ ಹಿಂದೆ ಈ ಸೀಮೆಯ ಬಹುಭಾಗ ಮಳೆಯನ್ನು ನಂಬಿದ ರಾಗಿಯ ಹೊಲವಾಗಿದ್ದಿತು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯೂ ಸ್ಥಾಪನೆಯಾಯಿತು.

ನೀರೇನೋ ಬಂದಿತು. ಆದರೆ ಬೆಳೆ ಹೆಚ್ಚಿದಷ್ಟೂ ಮಣ್ಣಿನ ಸಾರ ಕಾಳಾಗಿ, ಹುಲ್ಲಾಗಿ, ಕಬ್ಬಾಗಿ ಹೊಲದಿಂದ ಹೊರಟುಹೋಗುತ್ತದೆ. ಅದನ್ನು ಹಿಂದಿರುಗಿಸುವ ಬಗೆ ಹೇಗೆ? ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಬೆಳಗೊಳದಲ್ಲಿ 1930ರ ದಶಕದ ಕೊನೆಯ ವೇಳೆಗೆ ಅಮೋನಿಯಂ ಸಲ್ಫೇಟಿನ ಕಾರ್ಖಾನೆ ತಲೆಯೆತ್ತಿತು. ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸಿದ ಭಾರತದ ಮೊದಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ತಿಪ್ಪೆಗೆ ಜೊತೆಯಾಗಿ ಚೀಲದ ಗೊಬ್ಬರ ಬಂದುದು ಹೀಗೆ.

ಇವೆರಡರಲ್ಲಿ ಯಾವುದು ಮೇಲು? ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಹೆಕ್ಟೇರು ಬತ್ತಕ್ಕೆ 100 ಕಿಲೋಗ್ರಾಂ ಸಾರಜನಕ ಬೇಕೆಂದಿಟ್ಟುಕೊಳ್ಳೋಣ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವಿರುವುದು ನೂರಕ್ಕೆ ಸುಮಾರು ಅರ್ಧ ಭಾಗ. ಯೂರಿಯದಲ್ಲಿ ನೂರಕ್ಕೆ 46 ಭಾಗ. ಆದುದರಿಂದ ಕೊಟ್ಟಿಗೆ ಗೊಬ್ಬರವೊಂದರಿಂದಲೇ ಈ ಕೆಲಸ ಆಗಬೇಕಾದರೆ 20 ಟನ್ ಬೇಕು. ಯೂರಿಯವಾದರೆ 45 ಕಿಲೋಗ್ರಾಂ ತೂಕದ ಐದು ಚೀಲ ಸಾಕು. ಮೇಲಾಗಿ, ತಿಪ್ಪೆಯ ಸಾರಜನಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಸ್ವಲ್ಪವೇ. ಉಳಿದುದು ನಿಧಾನವಾಗಿ ಬಿಡುಗಡೆಯಾಗುತ್ತದೆ.

ಹಾಗಾದರೆ ಯೂರಿಯವೊಂದೇ ಸಾಲದೆ? ಸಾಲದು. ಯೂರಿಯದ ಸಾರಜನಕದಲ್ಲಿ ಒಂದಂಶ ಅಮೋನಿಯವಾಗಿ ಗಾಳಿಗೆ ಹಾರುತ್ತದೆ. ಒಂದಂಶ ನೈಟ್ರೇಟಾಗಿ ನೀರಿನೊಡನೆ ಕೆಳಕ್ಕಿಳಿಯುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬಾಳುವ ಏಕಾಣುಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಆದುದರಿಂದಲೇ ಯೂರಿಯವನ್ನು ಒಂದೇ ಸಲಕ್ಕೆ ಸುರಿಯದೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು.

ಕೊಟ್ಟಿಗೆ ಗೊಬ್ಬರದ ಗುಣ ಬೇರೆ. ಅದು ಕಳಿತು ಉಂಟಾಗುವ ಕಪ್ಪು ಪದಾರ್ಥ ಮಣ್ಣಿನ ಕಣಗಳನ್ನು ಬೆಸೆದು ಹರಳುಗಟ್ಟಿಸುತ್ತದೆ, ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಸತು, ಕಬ್ಬಿಣ ಮೊದಲಾದವುಗಳನ್ನು ಅಲ್ಪ ಪ್ರಮಾಣದಲ್ಲಿ ಒದಗಿಸುತ್ತದೆ. ಯೂರಿಯ ಕೈಖರ್ಚಿನ ಹಣವಾದರೆ ತಿಪ್ಪೆ ಕಣಜದ ಧಾನ್ಯ. ಸಂಸಾರಕ್ಕೆ ಎರಡೂ ಬೇಕು.

ಇದು ಬರಿಯ ಮಾತಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ರಾಗಿಯ ದೀರ್ಘಕಾಲದ ಪ್ರಯೋಗದಲ್ಲಿ, ರಾಸಾಯನಿಕ ಗೊಬ್ಬರವನ್ನು ಮಾತ್ರವೇ ಕೊಟ್ಟ ತುಂಡುಗಳ ಇಳುವರಿ ವರ್ಷಗಳು ಕಳೆದಂತೆ ಕುಗ್ಗಿತು. ಅದರೊಡನೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತುಂಡುಗಳು ತಮ್ಮ ಇಳುವರಿಯನ್ನು ಉಳಿಸಿಕೊಂಡವು.

ಒಂದು ಎಚ್ಚರಿಕೆ ಅಗತ್ಯ. ಒಣ ಹುಲ್ಲನ್ನೋ ಒಣ ತರಗನ್ನೋ ಮಣ್ಣಿಗೆ ಸೇರಿಸಿ ಕೂಡಲೇ ಪೈರು ನೆಟ್ಟರೆ, ಅದನ್ನು ಕಳಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಕಬಳಿಸುತ್ತವೆ, ಪೈರು ಹಳದಿಯಾಗುತ್ತದೆ. ಆಗ ಸ್ವಲ್ಪ ಯೂರಿಯ ಬೆರೆಸಿದರೆ ಕಳಿಯುವಿಕೆ ಚುರುಕಾಗುತ್ತದೆ. ಒಂದು ಗೊಬ್ಬರ ಇನ್ನೊಂದಕ್ಕೆ ನೆರವಾಗುವ ರೀತಿ ಇದು.

ದನಗಳು ಕಡಮೆಯಾದ ಮನೆಯಲ್ಲಿ ಗೊಬ್ಬರಕ್ಕೇನು ಗತಿ? ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿದಾಗ ಉಳಿಯುವ ಮಡ್ಡಿ, ಹೊಂಗೆಯ ಸೊಪ್ಪು, ಹೂವಿಗೆ ಬಂದಾಗ ಉತ್ತು ಮುಚ್ಚುವ ಅಪ್ಸೆಣಬು, ಇವೆಲ್ಲ ನಮ್ಮ ಕೈಗೆ ಎಟಕುವಂಥವೇ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿಯಿಡುವವನು ತನ್ನ ಕಣಜಕ್ಕೆ ತಾನೇ ಬೆಂಕಿಯಿಟ್ಟಂತೆ.

ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಸೊಪ್ಪು ಗೊಬ್ಬರ ಕಂಡ ಹೊಲದಿಂದ ಒಂದು ಒಣ ಹೆಂಟೆ, ಅದನ್ನು ಬಹುಕಾಲ ಕಾಣದ ಹೊಲದಿಂದ ಇನ್ನೊಂದು ಹೆಂಟೆ ತಂದು, ಎರಡು ಲೋಟ ನೀರಿನಲ್ಲಿ ಮೆಲ್ಲಗೆ ಇಳಿಬಿಡಿ. ಯಾವುದು ಬೇಗನೆ ಕರಗಿ ಕೆಸರಾಗುತ್ತದೆ, ಯಾವುದು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಮನೆಯ ಹಿರಿಯರಿಗೂ ತೋರಿಸಿ.