ತಾಜ್ ಹೋಟೆಲಿನ ದೆವ್ವ ಯಾರದು?

ಮುಂಬಯಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಅಂತ ಕೇಳಿ. ಗೇಟ್‌ವೇ ಆಫ್ ಇಂಡಿಯಾ, ಅದರ ಎದುರಿಗೆ ತಾಜ್ ಮಹಲ್ ಹೋಟೆಲು ಅಂತ ಹೇಳೇ ಹೇಳ್ತಾರೆ. ಒಳಗೆ ಹೋಗಿ ಕಾಫಿ ಕುಡಿದು ಬಂದವರು ನಮ್ಮಂಥವರಲ್ಲಿ ಕಡಿಮೆ. ಆದರೆ ಅಲ್ಲಿಯ ದೆವ್ವದ ಕಥೆ ಮಾತ್ರ ಹೊರಗೆ ನಿಂತವರ ಕಿವಿಗೂ ಬಿದ್ದಿರುತ್ತದೆ. ಕೇಳದವರಿಗಾಗಿ ಮೊದಲು ಅದನ್ನೇ ಹೇಳಿಬಿಡ್ತೀನಿ.

ಒಬ್ಬ ಬಿಳಿಯ ಇಂಜಿನಿಯರು ಈ ಹೋಟೆಲಿನ ನಕ್ಷೆ ಬರೆದುಕೊಟ್ಟು ತನ್ನ ದೇಶಕ್ಕೆ ಹೋದನಂತೆ. ಕೆಲಸವೆಲ್ಲ ಮುಗಿದ ಮೇಲೆ ಹಡಗಿನಲ್ಲಿ ವಾಪಸು ಬಂದು ನೋಡುತ್ತಾನೆ, ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿಟ್ಟಿದ್ದಾರೆ! ಸಮುದ್ರದ ಕಡೆ ಇರಬೇಕಾದ ಮುಂಬಾಗಿಲು ಊರಿನ ಕಡೆಗಿದೆ, ಹಿತ್ತಿಲು ಸಮುದ್ರಕ್ಕೆ ಮುಖ ಮಾಡಿದೆ. ಆ ಸಂಕಟ ತಾಳಲಾರದೆ ಐದನೇ ಮಹಡಿ ಹತ್ತಿ ಹಾರಿಕೊಂಡನಂತೆ. ಅಂದಿನಿಂದ ರಾತ್ರಿ ಹೊತ್ತು ಹಳೇ ಕಟ್ಟಡದ ಪಡಸಾಲೆಗಳಲ್ಲಿ ಓಡಾಡುತ್ತಾನೆ, ಮಾಳಿಗೆಯ ಮೇಲೆ ಹೆಜ್ಜೆ ಸಪ್ಪಳ ಮಾಡುತ್ತಾನೆ ಅಂತ ಪ್ರತೀತಿ. ಯಾರಿಗೂ ತೊಂದರೆ ಕೊಡುವ ದೆವ್ವ ಅಲ್ಲವಂತೆ, ಅದೊಂದು ಸಮಾಧಾನ!

ಕೆಲವರು ಆ ಇಂಜಿನಿಯರಿನ ಹೆಸರನ್ನೂ ಹೇಳುತ್ತಾರೆ, ಡಬ್ಲ್ಯು. ಎ. ಚೇಂಬರ್ಸ್ ಅಂತ. ಕಥೆ ಎಡವುವುದು ಇಲ್ಲಿಯೇ.

ಈ ಹೋಟೆಲು ಕಟ್ಟಿಸಿದವರು ಜಮ್ಶೆಟ್‌ಜಿ ಟಾಟಾ. ಕೆಲಸ ಶುರುವಾದದ್ದು 1898ರ ಹೊತ್ತಿಗೆ. ಅದಕ್ಕೆ ಎರಡೇ ವರ್ಷ ಮುಂಚೆ, 1896ರಲ್ಲಿ, ಮುಂಬಯಿಗೆ ಪ್ಲೇಗು ಬಂದು ಜನ ಊರು ಬಿಟ್ಟು ಓಡಿದ್ದರು. ಅಂಥ ಕಾಲದಲ್ಲಿ ದೊಡ್ಡ ಹೋಟೆಲು ಕಟ್ಟಿಸುತ್ತೇನೆ ಅಂದರೆ ಯಾರಿಗೆ ತಾನೇ ಸೋಜಿಗವಾಗದು? ಬಿಳಿಯರ ವಾಟ್ಸನ್ಸ್ ಹೋಟೆಲಿನಲ್ಲಿ ಅವರನ್ನು ಒಳಗೆ ಬಿಡಲಿಲ್ಲ, ಆ ಹಠಕ್ಕೆ ಇದನ್ನು ಕಟ್ಟಿಸಿದರು ಅಂತ ಇನ್ನೊಂದು ಕಥೆ ಇದೆ. ಹೇಳುವುದಕ್ಕೇನೋ ಚೆನ್ನಾಗಿದೆ, ಆದರೆ ಎಲ್ಲರೂ ಅದನ್ನು ನಂಬುವುದಿಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಅವರ ಸೋದರಿಯ ಮಾತು. ಬೆಂಗಳೂರಿನಲ್ಲಿ ವಿಜ್ಞಾನದ ಸಂಸ್ಥೆ ಅಂತೀಯ, ಉಕ್ಕಿನ ಕಾರ್ಖಾನೆ ಅಂತೀಯ, ಈಗ ನೋಡಿದರೆ ಊಟದ ಖಾನಾವಳಿ ಇಡ್ತೀನಿ ಅಂತೀಯಲ್ಲ ಅಂತ ಆಕೆ ಅಣಕಿಸಿದರಂತೆ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟು ಆ ಪಟ್ಟಿಯಲ್ಲಿ ಇದ್ದದ್ದು ನೋಡಿ! ಅದು 1909ರಲ್ಲಿ ಆಯಿತು, ಅಷ್ಟರಲ್ಲಿ ಅವರೇ ಇರಲಿಲ್ಲ.

ಇನ್ನು ನಕ್ಷೆಯ ವಿಷಯ. ಅದನ್ನು ಬರೆದವರು ಬಿಳಿಯರೇ ಅಲ್ಲ. ರಾವ್‌ಸಾಹೇಬ್ ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಅಂತ ಇಬ್ಬರು, ನಮ್ಮ ದೇಶದವರೇ. ವೈದ್ಯರು ಸಾಮಾನ್ಯರಲ್ಲ. ಬೋರಿಬಂದರಿನ ಆ ಅರಮನೆಯಂಥ ರೈಲ್ವೆ ಸ್ಟೇಷನ್ನು ಕಟ್ಟುವಾಗ ಸ್ಟೀವನ್ಸ್ ಅನ್ನುವ ಇಂಜಿನಿಯರಿಗೆ ಸಹಾಯಕರಾಗಿದ್ದವರು. ತಾಜ್ ಹೋಟೆಲಿನ ಕೆಲಸ ಇನ್ನೂ ನಡೆದಿರುವಾಗಲೇ, 1900ರಲ್ಲಿ, ಮಲೇರಿಯಾ ಜ್ವರದಿಂದ ತೀರಿಕೊಂಡರು. ಆಮೇಲೆ ಕೆಲಸ ವಹಿಸಿಕೊಂಡವರು ಈ ಚೇಂಬರ್ಸ್. ಅವರು ಗುಮ್ಮಟವನ್ನು ಮೊದಲಿನದಕ್ಕಿಂತ ದೊಡ್ಡದು ಮಾಡಿಸಿದರು.

ಈಗ ನೀವೇ ಯೋಚಿಸಿ. ನಕ್ಷೆ ಬರೆದವರಲ್ಲಿ ವೈದ್ಯರು ಕಟ್ಟಡ ಮುಗಿದದ್ದನ್ನು ಕಾಣಲೇ ಇಲ್ಲ. ಚೇಂಬರ್ಸ್ ಆದರೋ ಮುಂದೆ ನಿಂತು ಕಟ್ಟಡ ಮುಗಿಸಿದವರು. ಬಾಗಿಲು ಯಾವ ಕಡೆ ಬಂತು ಅಂತ ಅವರಿಗೆ ತಿಳಿಯದೆ ಇರುತ್ತದೆಯೇ? ಹಡಗಿನಿಂದ ಇಳಿದು ಬೆಚ್ಚಿಬೀಳುವ ಪ್ರಸಂಗವೆಲ್ಲಿ ಬಂತು?

ಹಾಗಾದರೆ ಬಾಗಿಲು ಹಿಂದುಮುಂದು ಇತ್ತೇ? ಇತ್ತು, ಅದು ಸುಳ್ಳಲ್ಲ. ಮೊದಲಿಗೆ ಹೆಬ್ಬಾಗಿಲು ಇದ್ದದ್ದು ಪಶ್ಚಿಮಕ್ಕೆ, ಊರಿನ ಕಡೆಗೇ. ಬೇಕೆಂದೇ ಹಾಗೆ ಮಾಡಿದ್ದು. ಆಗ ಮೋಟಾರುಗಳು ಎಲ್ಲಿದ್ದವು? ಕುದುರೆಗಾಡಿಗಳು ಊರೊಳಗಿನಿಂದ ಬರುತ್ತಿದ್ದವು, ಅವು ಬಂದು ನಿಲ್ಲುವ ಕಡೆ ಬಾಗಿಲು. ಸಮುದ್ರದ ಗಾಳಿ, ನೋಟ ಎರಡೂ ಆದಷ್ಟು ಕೋಣೆಗಳಿಗೆ ಸಿಗಲಿ ಅಂತ ಆ ಬದಿಯನ್ನು ಕೋಣೆಗಳಿಗೆ ಬಿಟ್ಟರು. ಮುಂಬಯಿಯ ಸೆಕೆ ಕಂಡವರಿಗೆ ಇದರ ಬೆಲೆ ಗೊತ್ತು. ಬಾಗಿಲಿಗೆ ತಂಗಾಳಿ ಬಿಟ್ಟು ಕೋಣೆಗೆ ಬಿಸಿಲು ಕೊಟ್ಟಿದ್ದರೆ ಆಗ ಹಾರಿಕೊಳ್ಳಬೇಕಿತ್ತು! ಮುಂದೆ ಸಮುದ್ರದ ಕಡೆ ಬಾಗಿಲು ತೆರೆದರು, ಹಳೇ ಬಾಗಿಲಿನ ಕಡೆ ಈಗ ಈಜುಕೊಳವಿದೆ. ಅಲ್ಲದೆ ಆಗ ಎದುರಿಗೆ ಗೇಟ್‌ವೇ ಇರಲೇ ಇಲ್ಲ. ಅದು ಮುಗಿದದ್ದು 1924ರಲ್ಲಿ. ಈಗ ಅದನ್ನು ನೋಡಿದ ನಮ್ಮ ಕಣ್ಣಿಗೆ ಸಮುದ್ರದ ಕಡೆಯೇ ಮುಂಭಾಗ ಅನ್ನಿಸುತ್ತದೆ, ಅಷ್ಟೆ.

1903ರ ಡಿಸೆಂಬರ್ 16ರಂದು ಹೋಟೆಲು ತೆರೆಯಿತು. ಮೊದಲ ದಿನ ಬಂದ ಅತಿಥಿಗಳು ಬರೀ 17 ಮಂದಿ. ವಿದ್ಯುತ್ ದೀಪ, ಫ್ಯಾನು, ಲಿಫ್ಟು ಎಲ್ಲ ಇದ್ದವು. ಟಾಟಾ ಅದನ್ನು ಬಹಳ ದಿನ ನೋಡಲಿಲ್ಲ, 1904ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಮೊದಲನೇ ಮಹಾಯುದ್ಧದಲ್ಲಿ ಇದೇ ಹೋಟೆಲು 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು. ಪಕ್ಕದ ಎತ್ತರದ ಟವರು ಬಂದದ್ದು 1973ರಲ್ಲಿ.

ಇಷ್ಟೆಲ್ಲ ನೆನಪಿಡುವುದು ಕಷ್ಟ, ದೆವ್ವವನ್ನು ನೆನಪಿಡುವುದು ಸುಲಭ. ಹಾಗಾಗಿ ಇಲ್ಲದ ಸಾವಿನ ಕಥೆ ಮನೆಮಾತಾಗಿದೆ, ಜ್ವರದಲ್ಲಿ ಹೋದ ವೈದ್ಯರ ಹೆಸರು ಕೇಳಿದವರು ನೂರಕ್ಕೊಬ್ಬರೂ ಇಲ್ಲವೇನೋ. ದುಡಿದವನನ್ನು ಮರೆತು, ಹಾರಿದವನನ್ನು ಹುಟ್ಟಿಸಿಕೊಂಡರು.

ನಿಜವಾದ ಸಾವುಗಳು ಆ ಪಡಸಾಲೆಗಳಲ್ಲಿ ಆದದ್ದು 2008ರ ನವೆಂಬರ್ 26ರಿಂದ ಮೂರು ದಿನ. ಗುಮ್ಮಟದ ಕೆಳಗೆ ಬೆಂಕಿ ಉರಿಯುವುದನ್ನು ಟೀವಿಯಲ್ಲಿ ನಾವೆಲ್ಲ ನೋಡಿದೆವಲ್ಲ. ಭಯೋತ್ಪಾದಕರ ದಾಳಿಗೆ ಆ ಹೋಟೆಲಿನಲ್ಲಿ 31 ಜನ ಬಲಿಯಾದರು. ಓಡಿಹೋಗಬಹುದಾಗಿದ್ದ ಅಡಿಗೆಯವರು, ಬಡಿಸುವವರು ಅತಿಥಿಗಳನ್ನು ಮುಂದೆ ಕಳಿಸಿ ತಾವು ಹಿಂದೆ ಉಳಿದರು, ಅವರಲ್ಲೂ ಕೆಲವರು ಹೋದರು. ದೆವ್ವದ ಕಥೆ ರಂಜಿಸಿ ಹೇಳುವವರು ಇವರನ್ನು ಆ ಕಥೆಗೆ ಸೇರಿಸದೆ ಇರುವುದು ದೊಡ್ಡ ಪುಣ್ಯ. ಸತ್ತವರ ಹೆಸರುಗಳನ್ನು ಹೋಟೆಲಿನಲ್ಲಿ ಬರೆಸಿ ಇಟ್ಟಿದ್ದಾರೆ. ಹಳೇ ಕಟ್ಟಡ 2010ರ ಆಗಸ್ಟ್ 15ಕ್ಕೆ ಮತ್ತೆ ತೆರೆಯಿತು.

ನೀವು ಮುಂಬಯಿಗೆ ಹೋದಾಗ ಗೇಟ್‌ವೇ ಹತ್ತಿರದಿಂದ ಎಲಿಫೆಂಟಾಕ್ಕೆ ದೋಣಿ ಸಿಗುತ್ತದೆ. ಸೋಮವಾರ ಗುಹೆ ನೋಡಲು ಬಿಡುವುದಿಲ್ಲ, ಬೇರೆ ದಿನ ನೋಡಿಕೊಳ್ಳಿ. ದೋಣಿ ಸ್ವಲ್ಪ ದೂರ ಹೋದ ಮೇಲೆ ಹಿಂತಿರುಗಿ ಕುಳಿತುಕೊಳ್ಳಿ. ಗುಮ್ಮಟ ಸಮೇತ ಇಡೀ ಹೋಟೆಲು ಕಾಣುತ್ತದೆ. ಮಕ್ಕಳಿಗೆ ವೈದ್ಯರ ಕಥೆ ಹೇಳಿ. ದೆವ್ವದ ಕಥೆ ಅವರಿಗೆ ಹೇಗೂ ಯಾರಾದರೂ ಹೇಳಿಯೇ ಹೇಳ್ತಾರೆ.