ಮಾತಿನೊಳಗಿನ ಮಾತು

ಆಡಿದ ಮಾತಿನ ಒಳಗೆ ಆಡದ ಮಾತೊಂದು ಅಡಗಿರುತ್ತದೆ. ನಮ್ಮ ಆಲಂಕಾರಿಕರು ಅದನ್ನು ವ್ಯಂಗ್ಯಾರ್ಥವೆಂದು ಕರೆದರು. ಮಮ್ಮಟನ 'ಕಾವ್ಯಪ್ರಕಾಶ'ದಲ್ಲಿ ಇದಕ್ಕೊಂದು ನಿದರ್ಶನವಿದೆ. ಹೊತ್ತು ಮುಳುಗಿತು ಎಂದರೆ ಒಬ್ಬನಿಗೆ ದನಗಳನ್ನು ಮನೆಗೆ ಹೊಡೆಯಬೇಕೆಂದು, ಇನ್ನೊಬ್ಬನಿಗೆ ಸಂಜೆಯ ವಿಧಿಗೆ ತೊಡಗಬೇಕೆಂದು ಅರ್ಥವಾಗುತ್ತದೆ. ನುಡಿ ಒಂದೇ, ಭಾವ ಬೇರೆ.

ಈ ಶಕ್ತಿಯಿಂದ ನೋಯಿಸದೆ ತಿದ್ದಬಹುದು. ಸಾರು ಉಪ್ಪಾದಾಗ ಅತ್ತೆಯಾದವಳು, "ಉಪ್ಪು ಅಗ್ಗವಾಗಿದೆಯೇನವ್ವ?" ಎಂದರೆ ಸೊಸೆಯೂ ನಕ್ಕಾಳು. ಅದೇ ಅತ್ತೆ, "ಆಚೆ ಮನೆಯ ಸೊಸೆ ಮೈತುಂಬ ಬಂಗಾರ ಹೇರಿಕೊಂಡು ಬಂದಳಂತೆ" ಎಂದರೆ? ಬಂಗಾರ ಕೇಳಿದಳೆಂದು ಯಾರೂ ಹೇಳಲಾರರು. ಆದರೆ ಆ ಹುಡುಗಿ ತವರಿನ ಬಡತನವನ್ನು ನೆನೆದು ಇರುಳೆಲ್ಲ ಕಣ್ಣೀರಿಡುತ್ತಾಳೆ.

"ನಾನೇನು ಅಂದೆ?" ಎಂಬುದೇ ಕೊಂಕು ಮಾತಿನ ಮರೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಈ ಮರೆಯನ್ನು ಮನ್ನಿಸುವುದಿಲ್ಲ. ನೇರವಾಗಿ ಕೇಳಿದರೂ ಪರೋಕ್ಷವಾಗಿ ಕೇಳಿದರೂ ಅಪರಾಧವೇ ಎನ್ನುತ್ತದೆ. ಕಾನೂನು ಒಪ್ಪದ ನೆವವನ್ನು ನಮ್ಮ ಅಂತಃಕರಣ ಒಪ್ಪೀತೆ? ಬಿಚ್ಚಿ ಆಡಲು ನಾಚಬೇಕಾದ ಮಾತನ್ನು ಮುಚ್ಚಿಯೂ ಆಡಬಾರದು.