ಗೆದ್ದವರ ಕೈಯಲ್ಲಿ ಬಂದೂಕು ಇದ್ದರೆ?

2006ರ ಜನವರಿ 25ರಂದು ಪ್ಯಾಲೆಸ್ಟೀನಿನ ಶಾಸನಸಭೆಗೆ ನಡೆದ ಚುನಾವಣೆಯಲ್ಲಿ 132 ಸ್ಥಾನಗಳ ಪೈಕಿ 74 ಹಮಾಸ್ ಪಾಲಾದವು. ದಶಕಗಳ ಕಾಲ ಅಲ್ಲಿನ ರಾಜಕಾರಣವನ್ನು ಆಳಿದ್ದ ಫತಾ ಪಕ್ಷ 45ಕ್ಕೆ ಕುಸಿಯಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೇರಿದಂತೆ ಅಲ್ಲಿಗೆ ಹೋಗಿದ್ದ ವೀಕ್ಷಕರು ಮತದಾನ ಶಾಂತವಾಗಿ, ನ್ಯಾಯಸಮ್ಮತವಾಗಿ ನಡೆಯಿತೆಂದೇ ಹೇಳಿದರು. ಆದರೆ ಗೆದ್ದ ಸಂಘಟನೆ ಇಸ್ರೇಲಿನ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಆತ್ಮಾಹುತಿ ದಾಳಿ ನಡೆಸಿ ನಾಗರಿಕರನ್ನು ಕೊಂದಿತ್ತು. ಅದು ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟದ ಭಯೋತ್ಪಾದಕರ ಪಟ್ಟಿಯಲ್ಲಿತ್ತು. ಇಂಥವರು ಜನರ ಮತದಿಂದಲೇ ಅಧಿಕಾರಕ್ಕೆ ಬಂದರೆ ಉಳಿದ ದೇಶಗಳು ಅವರನ್ನು ಸರ್ಕಾರವೆಂದು ಒಪ್ಪಬೇಕೇ? ಒಪ್ಪಬೇಕು, ಆದರೆ ಒಂದೇ ಒಂದು ಷರತ್ತಿನ ಮೇಲೆ ಎಂಬುದು ಈ ಲೇಖನದ ವಾದ. ಬಂದೂಕು ಮೌನವಾಗಬೇಕು ಎಂಬುದೇ ಆ ಷರತ್ತು. ಅದನ್ನು ಫಲಿತಾಂಶ ಬಂದ ಮೇಲಲ್ಲ, ಮತದಾನಕ್ಕೆ ಮೊದಲೇ ವಿಧಿಸಬೇಕು.

ಮಾನ್ಯತೆ ಎಂದರೇನೆಂದು ಮೊದಲು ತಿಳಿಯಬೇಕು. ಒಂದು ದೇಶವನ್ನು ಒಪ್ಪುವುದು ಬೇರೆ, ಅದನ್ನು ಆಳುವ ಸರ್ಕಾರವನ್ನು ಒಪ್ಪುವುದು ಬೇರೆ. ಸರ್ಕಾರಗಳಿಗೆ ವಿಧಿವತ್ತಾಗಿ ಮಾನ್ಯತೆ ಕೊಡುವ ಪದ್ಧತಿಯನ್ನೇ ಬ್ರಿಟನ್ 1980ರಲ್ಲಿ ಕೈಬಿಟ್ಟಿತು. ಅಲ್ಲಿಂದೀಚೆಗೆ ಅದು ಮಾನ್ಯತೆ ಕೊಡುವುದು ದೇಶಗಳಿಗೆ ಮಾತ್ರ. ವ್ಯವಹಾರದಲ್ಲಿಯೂ ಮಾನ್ಯತೆಗೆ ಹಲವು ಮೆಟ್ಟಿಲುಗಳಿವೆ. ಅಧಿಕಾರಿಗಳ ಮಟ್ಟದಲ್ಲಿ ಮಾತನಾಡುವುದು, ಆಸ್ಪತ್ರೆ ಮತ್ತು ಶಾಲೆಗಳ ವೆಚ್ಚಕ್ಕೆ ನೆರವಾಗುವುದು, ಮಂತ್ರಿಗಳನ್ನು ಬರಮಾಡಿಕೊಳ್ಳುವುದು, ಕೊನೆಗೆ ಪೂರ್ಣ ರಾಜತಾಂತ್ರಿಕ ಸಂಬಂಧ. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಕೊಡಬೇಕು ಇಲ್ಲವೇ ಬಾಗಿಲು ಮುಚ್ಚಬೇಕು ಎಂದೇನಿಲ್ಲ. ಗೆದ್ದವರ ನಡತೆ ನೋಡಿಕೊಂಡು ಒಂದೊಂದೇ ಮೆಟ್ಟಿಲು ಏರುವ ಅವಕಾಶ ಯಾವ ಸರ್ಕಾರಕ್ಕೂ ಇದೆ.

ಮತ ಹಾಕಿದವರೆಲ್ಲ ಹಿಂಸೆಗೇ ಮತ ಹಾಕಿದರು ಎಂಬ ಆರೋಪವೂ ನಿಲ್ಲುವುದಿಲ್ಲ. ಪಕ್ಷದ ಪಟ್ಟಿಗೆ ಬಿದ್ದ ಮತಗಳಲ್ಲಿ ಹಮಾಸ್ ಪಾಲು ಸುಮಾರು ಶೇ 44, ಫತಾ ಪಾಲು ಸುಮಾರು ಶೇ 41. ಸ್ಥಾನಗಳಲ್ಲಿ ಅಷ್ಟು ದೊಡ್ಡ ಅಂತರ ಬಂದದ್ದಕ್ಕೆ ಕ್ಷೇತ್ರಗಳಲ್ಲಿ ಫತಾ ಬೆಂಬಲಿಗರ ಮತ ಹಲವು ಅಭ್ಯರ್ಥಿಗಳ ನಡುವೆ ಹಂಚಿಹೋದದ್ದು ಮುಖ್ಯ ಕಾರಣ. ಫತಾ ಆಡಳಿತದ ಭ್ರಷ್ಟಾಚಾರದಿಂದ ಬೇಸತ್ತ ಜನಕ್ಕೆ ಹಮಾಸ್ ‘ಬದಲಾವಣೆ ಮತ್ತು ಸುಧಾರಣೆ’ ಎಂಬ ಹೆಸರಿನ ಪಟ್ಟಿಯಾಗಿ ಎದುರಾಗಿತ್ತು. ಹೀಗಿರುವಾಗ ಮತದಾರರನ್ನು ಶಿಕ್ಷಿಸುವುದು ಅನ್ಯಾಯ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಮತದಾರ ಕೊಡುವುದು ಒಂದು ಅವಧಿಯ ಅಧಿಕಾರವನ್ನು ಮಾತ್ರ. ಮುಂದಿನ ಚುನಾವಣೆಯಲ್ಲಿ ಅದನ್ನು ಹಿಂಪಡೆಯುವ ಹಕ್ಕು ಅವನಲ್ಲೇ ಉಳಿಯುತ್ತದೆ. ಆಳುವ ಪಕ್ಷಕ್ಕೆ ತನ್ನದೇ ಸೇನೆ ಇದ್ದರೆ ಆ ಹಕ್ಕು ಕಾಗದದ ಮೇಲಷ್ಟೇ ಇರುತ್ತದೆ. 2007ರ ಜೂನ್‌ನಲ್ಲಿ ಫತಾ ಪಡೆಗಳನ್ನು ಸೋಲಿಸಿ ಹಮಾಸ್ ಗಾಜಾವನ್ನು ವಶಪಡಿಸಿಕೊಂಡಿತು. ಎರಡೂ ಬಣಗಳು ತಮ್ಮ ತಮ್ಮ ನೆಲೆಗಳಲ್ಲಿ ಬೇರೂರಿದವು, ಮುಂದಿನ ಹದಿನೈದು ವರ್ಷ ಕಳೆದರೂ ಪ್ಯಾಲೆಸ್ಟೀನಿನಲ್ಲಿ ಶಾಸನಸಭೆಗೆ ಮತ್ತೆ ಚುನಾವಣೆ ನಡೆಯಲಿಲ್ಲ.

ನಮ್ಮ ನೆರೆಯ ನೇಪಾಳ ಬೇರೆ ದಾರಿ ತೋರಿಸಿತು. 1996ರಲ್ಲಿ ಮಾವೋವಾದಿಗಳು ಶುರುಮಾಡಿದ ಯುದ್ಧ ಹತ್ತು ವರ್ಷಗಳಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆಯಿತು. 2006ರ ನವೆಂಬರ್‌ನ ಶಾಂತಿ ಒಪ್ಪಂದದ ಪ್ರಕಾರ ಹೋರಾಟಗಾರರು ಶಿಬಿರಗಳಿಗೆ ಬಂದರು, ಅವರ ಆಯುಧಗಳು ವಿಶ್ವಸಂಸ್ಥೆಯ ನಿಗಾದಲ್ಲಿ ಕಂಟೇನರುಗಳಿಗೆ ಸೇರಿ ಬೀಗ ಬಿತ್ತು. ಚುನಾವಣೆ ನಡೆದದ್ದು ಆ ನಂತರ, 2008ರ ಏಪ್ರಿಲ್‌ನಲ್ಲಿ. ಮಾವೋವಾದಿಗಳು ಅತಿ ದೊಡ್ಡ ಪಕ್ಷವಾಗಿ ಹೊಮ್ಮಿ ಅವರ ನಾಯಕ ಪ್ರಚಂಡ ಪ್ರಧಾನಿಯಾದರು. ಅಮೆರಿಕ ಅವರ ಪಕ್ಷವನ್ನು ಭಯೋತ್ಪಾದಕರ ಪಟ್ಟಿಯಿಂದ ತೆಗೆದದ್ದು 2012ರಲ್ಲಿ. ಆದರೂ ಅದಕ್ಕೂ ಮೊದಲೇ ಅವರ ಸರ್ಕಾರದೊಂದಿಗೆ ಅದು ವ್ಯವಹರಿಸಿತ್ತು. ಮುಖ್ಯವಾದದ್ದು ಮುಂದಿನ ಬೆಳವಣಿಗೆ. 2013ರ ಚುನಾವಣೆಯಲ್ಲಿ ಅದೇ ಪಕ್ಷ ಮೂರನೆಯ ಸ್ಥಾನಕ್ಕಿಳಿಯಿತು. ಅಕ್ರಮದ ದೂರು ಹೇಳಿದರೂ ಅದು ಕಾಡಿಗೆ ಮರಳಲಿಲ್ಲ, ಸಭೆಯಲ್ಲಿ ಕೂತಿತು. ಮಿಜೋರಾಂನಲ್ಲಿಯೂ ಇದೇ ಕ್ರಮ ಫಲ ಕೊಟ್ಟಿತು. 1966ರಲ್ಲಿ ಬಂಡೆದ್ದ ಮಿಜೋ ನ್ಯಾಷನಲ್ ಫ್ರಂಟ್ 1986ರ ಒಪ್ಪಂದದ ನಂತರ ಶಸ್ತ್ರ ಕೆಳಗಿಟ್ಟಿತು, 1987ರಲ್ಲಿ ಚುನಾವಣೆ ಗೆದ್ದಿತು, ಅದರ ನಾಯಕ ಲಾಲ್ಡೆಂಗಾ ಮುಖ್ಯಮಂತ್ರಿಯಾದರು. 1989ರಲ್ಲಿ ಸೋತ ಪಕ್ಷ ವಿರೋಧಪಕ್ಷವಾಗಿ ಉಳಿಯಿತು.

ಉತ್ತರ ಐರ್ಲೆಂಡಿನ ಪಾಠ ಇನ್ನೂ ಸೂಕ್ಷ್ಮ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ಸಂಘಟನೆಯ ರಾಜಕೀಯ ಮುಖವಾದ ಸಿನ್ ಫೇನ್ ಪಕ್ಷ 1996ರ ಮೇ ತಿಂಗಳ ಚುನಾವಣೆಯಲ್ಲಿ ಶೇ 15ರಷ್ಟು ಮತ ಪಡೆಯಿತು. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಐಆರ್‌ಎ ಕದನವಿರಾಮ ಮುರಿದು ಲಂಡನ್ನಿನಲ್ಲಿ ಬಾಂಬ್ ಸಿಡಿಸಿದ್ದರಿಂದ ಜೂನ್‌ನಲ್ಲಿ ಆರಂಭವಾದ ಮಾತುಕತೆಗೆ ಅದನ್ನು ಸೇರಿಸಲಿಲ್ಲ. 1997ರ ಜುಲೈನಲ್ಲಿ ಮತ್ತೆ ಕದನವಿರಾಮ ಘೋಷಣೆಯಾಯಿತು, ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು, 1998ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಐರ್ಲೆಂಡ್ ಒಂದಾಗಬೇಕೆಂಬ ಗುರಿಯನ್ನು ಬಿಡಿ ಎಂದು ಸಿನ್ ಫೇನ್‌ಗೆ ಯಾರೂ ಹೇಳಲಿಲ್ಲ. ಅದಕ್ಕಾಗಿ ಕೊಲ್ಲುವುದನ್ನು ಬಿಡಿ ಎಂದಷ್ಟೇ ಹೇಳಿದರು. ಐಆರ್‌ಎ ಆಯುಧಗಳು ಪೂರ್ತಿ ನಿಷ್ಕ್ರಿಯವಾದದ್ದು 2005ರಲ್ಲಿ. ಅಂದರೆ ಹಿಂಸೆ ಮೊದಲು ನಿಂತಿತು, ಶಸ್ತ್ರ ಆಮೇಲೆ ಹೋಯಿತು, ನಂಬಿಕೆ ಅವರಲ್ಲೇ ಉಳಿಯಿತು.

ಪ್ಯಾಲೆಸ್ಟೀನಿನಲ್ಲಿ ಈ ಕ್ರಮ ತಲೆಕೆಳಗಾಯಿತು. ಪ್ರಜಾಪ್ರಭುತ್ವಕ್ಕೆ ವಿರುದ್ಧವಾದ ಮಾರ್ಗಗಳಿಂದ ಗುರಿ ಸಾಧಿಸಹೊರಟ ಪಕ್ಷಗಳ ನಾಮಪತ್ರವನ್ನು ತಿರಸ್ಕರಿಸಬೇಕೆಂದು ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಣ 1995ರ ಓಸ್ಲೋ ಮಧ್ಯಂತರ ಒಪ್ಪಂದದಲ್ಲೇ ಬರೆದಿತ್ತು. ಆ ನಿಯಮವನ್ನು 2006ರಲ್ಲಿ ಬದಿಗಿಟ್ಟು ಹಮಾಸ್ ಸ್ಪರ್ಧಿಸಲು ಬಿಟ್ಟರು. ಅದು ಗೆದ್ದ ಐದೇ ದಿನಕ್ಕೆ ಅಮೆರಿಕ, ರಷ್ಯಾ, ಯುರೋಪಿಯನ್ ಒಕ್ಕೂಟ ಮತ್ತು ವಿಶ್ವಸಂಸ್ಥೆಯ ಕೂಟ ಷರತ್ತು ಹಾಕಿತು: ಹಿಂಸೆ ಬಿಡಬೇಕು, ಇಸ್ರೇಲನ್ನು ಒಪ್ಪಬೇಕು, ಹಿಂದಿನ ಒಪ್ಪಂದಗಳಿಗೆ ಬದ್ಧರಾಗಬೇಕು. ಹಿಂಸೆ ಬಿಡಬೇಕೆಂಬ ಷರತ್ತಿನಲ್ಲಿ ತಪ್ಪಿರಲಿಲ್ಲ, ಹಾಕಿದ ಹೊತ್ತು ತಪ್ಪಾಗಿತ್ತು. ಮತದಾರನಿಗೆ ಮೊದಲೇ ಗೊತ್ತಿದ್ದರೆ ಅದು ನಿಯಮವಾಗುತ್ತಿತ್ತು. ಗೆದ್ದ ಮೇಲೆ ಬಂದದ್ದರಿಂದ ಅದು ದಂಡವಾಗಿ ಕಂಡಿತು. ನೇರ ನೆರವು ನಿಂತಿತು, ಇಸ್ರೇಲ್ ತಾನು ಸಂಗ್ರಹಿಸಿಕೊಡುತ್ತಿದ್ದ ತೆರಿಗೆ ಹಣವನ್ನು ತಡೆಹಿಡಿಯಿತು, ಶಿಕ್ಷಕರಿಗೆ, ದಾದಿಯರಿಗೆ ಸಂಬಳ ಬರಲಿಲ್ಲ.

ಮಾನ್ಯತೆ ಕೊಟ್ಟರೆ ಹಿಂಸೆಗೆ ಬಹುಮಾನ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. 1992ರಿಂದ ಲೆಬನಾನಿನ ಸಂಸತ್ತಿನಲ್ಲಿರುವ ಹಿಜ್ಬುಲ್ಲಾ ಆಯುಧವನ್ನೂ ಸ್ಥಾನವನ್ನೂ ಒಟ್ಟಿಗೇ ಇಟ್ಟುಕೊಂಡು ಇಡೀ ದೇಶವನ್ನು ಯುದ್ಧಕ್ಕೆಳೆದದ್ದು ಈ ಭಯಕ್ಕೆ ಸಾಕ್ಷಿ. ಮತ ಮಾತ್ರ ಸಾಲದೆಂದು ನಾನು ಹೇಳುವುದು ಇದಕ್ಕಾಗಿಯೇ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ನಡೆಸಿದ ಹತ್ಯಾಕಾಂಡದ ನಂತರ, ಅದರೊಂದಿಗೆ ಯಾವ ಮಾತೂ ವ್ಯರ್ಥವಾಗುತ್ತಿತ್ತು ಎನ್ನುವವರಿದ್ದಾರೆ. ಅದು ನಿಜವೂ ಇರಬಹುದು. ಆದರೆ ಬಹಿಷ್ಕಾರ ಹಮಾಸನ್ನು ದುರ್ಬಲಗೊಳಿಸಲಿಲ್ಲ, ಬಂದೂಕನ್ನು ಕಿತ್ತುಕೊಳ್ಳಲಿಲ್ಲ, ಇಸ್ರೇಲಿಗಳನ್ನು ರಕ್ಷಿಸಲೂ ಇಲ್ಲ. ಇನ್ನು ಸತ್ತವರ ಕುಟುಂಬಗಳ ಪ್ರಶ್ನೆ. ಸರ್ಕಾರವೆಂದು ಒಪ್ಪುವುದು ಅಪರಾಧವನ್ನು ಮನ್ನಿಸುವುದಲ್ಲ. ಒಪ್ಪಂದದ ಬಳಿಕವೂ ನೇಪಾಳದ ಸಂತ್ರಸ್ತರು ವರ್ಷಗಟ್ಟಲೆ ನ್ಯಾಯಕ್ಕಾಗಿ ಅಲೆದರು. ಅದು ಆ ಶಾಂತಿಯ ದೊಡ್ಡ ಕೊರತೆ, ಮುಂದಿನ ಯಾವ ಒಪ್ಪಂದದಲ್ಲಿಯೂ ಮರುಕಳಿಸಬಾರದ್ದು.

ಆದ್ದರಿಂದ ಸರ್ಕಾರಗಳು ಇಷ್ಟನ್ನು ಪಾಲಿಸಬೇಕು. ಸಶಸ್ತ್ರ ಸಂಘಟನೆ ಚುನಾವಣೆಗೆ ಇಳಿಯುವ ಮೊದಲೇ ಕದನವಿರಾಮವನ್ನು, ಆಯುಧಗಳ ಮೇಲೆ ಹೊರಗಿನವರ ನಿಗಾವನ್ನು ಕಡ್ಡಾಯ ಮಾಡಬೇಕು. ಒಪ್ಪಿದವರು ಗೆದ್ದರೆ, ಅವರ ಸಿದ್ಧಾಂತ ಎಷ್ಟೇ ಅಪ್ರಿಯವಾಗಿದ್ದರೂ, ಆ ಸರ್ಕಾರದೊಂದಿಗೆ ವ್ಯವಹರಿಸಬೇಕು. ಮಾತು ಮುರಿದು ಕೊಲ್ಲತೊಡಗಿದ ದಿನವೇ ಸಂಬಂಧ ಕಡಿದುಕೊಳ್ಳಬೇಕು. ಮತಕ್ಕೆ ಗೌರವ ಕೊಡುವವರು ಮುಂದಿನ ಮತವನ್ನೂ ಕಾಯಬೇಕಾಗುತ್ತದೆ. ಅದನ್ನು ಕಾಯಲು ಇದಕ್ಕಿಂತ ನ್ಯಾಯವಾದ ದಾರಿ ಇನ್ನೊಂದಿಲ್ಲ.